ಖಾಲಿ ಬರಬಾರದ ಬುಟ್ಟಿ

ಕಳೆದ ವರ್ಷ ಮೇ ತಿಂಗಳ ಎರಡನೆಯ ಭಾನುವಾರ, ಬೆಳಗಿನ ಆರರಿಂದ ಹತ್ತರ ನಡುವೆ, ಸಿಂಧನೂರು ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆಯ ನಡುವೆ ಎದ್ದಿರುವ ಒಂದು ಮರಳುದಿಬ್ಬದಿಂದ ಹೊಳೆಹಕ್ಕಿಯ ಮರಿಗಳನ್ನೆಲ್ಲ ಜನ ಹಿಡಿದೊಯ್ದರು. ಒಂದೂ ಉಳಿಯಲಿಲ್ಲ. ದಿಬ್ಬದ ಎದುರಿನ ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮೂವತ್ತು ವರ್ಷ ಪತ್ರಿಕೆಗೆ ಸುದ್ದಿ ಬರೆದವನು ಊರಿನ ಹೆಸರನ್ನೇ ಬಿಟ್ಟು ಬರೆಯುತ್ತಿದ್ದಾನೆ ಎಂದರೆ ಕಾರಣವೊಂದು ಇರಬೇಕೆಂದು ನೀವು ಊಹಿಸುತ್ತೀರಿ. ಇದೆ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಅದಕ್ಕೂ ಮೊದಲು ನಮ್ಮ ಅಡುಗೆಮನೆಯ ಬುಟ್ಟಿಯೊಂದರ ವಿಷಯ ಹೇಳಬೇಕು.

ಬುಟ್ಟಿ ತೊಗರಿ ಕಟ್ಟಿಗೆಯದು. ತೊಗರಿ ಬಡಿದ ಮೇಲೆ ಉಳಿಯುವ ಕಡ್ಡಿಗಳಲ್ಲಿ ಬಾಗುವಂಥವನ್ನು ಆರಿಸಿ, ನೆನೆಹಾಕಿ ನಮ್ಮ ಕಡೆ ಹೆಣೆಯುತ್ತಾರೆ. ಹೊಸತರಲ್ಲಿ ಕೆಂಪು, ಆಮೇಲೆ ಬೂದಿ, ಕೊನೆಗೆ ಆ ಮನೆಯ ಹೊಗೆಯ ಬಣ್ಣ. ನನ್ನ ಹೆಂಡತಿ ಶಾರದಾ ಅದರಲ್ಲಿ ಉಳ್ಳಾಗಡ್ಡಿ ಇಡುತ್ತಾಳೆ. ಸಿಂಧನೂರಿನಲ್ಲಿ ನಾವು ಸಂಸಾರ ಹೂಡಿದ ದಿನದಿಂದ ಅದು ಒಲೆಯ ಎಡಮೂಲೆಯಲ್ಲಿದೆ. ಮೂರು ಬಾಡಿಗೆ ಮನೆಗಳನ್ನೂ ಒಂದು ಸ್ವಂತ ಮನೆಯನ್ನೂ ಕಂಡಿದೆ. ಬೋರಲು ಹಾಕಿದರೆ ತಳದ ಹೊರಮೈಯಲ್ಲಿ ಸಣ್ಣ ಸಣ್ಣ ಕಚ್ಚುಗಳು ಕಾಣುತ್ತವೆ. ನೋಡಿದವರು ಇಲಿ ಕಡಿದದ್ದು ಅಂದುಕೊಳ್ಳುತ್ತಾರೆ. ಕೆಲವು ಇಲಿಯವೇ ಇರಬಹುದು. ಒಂದೆರಡಾದರೂ ಕೊಕ್ಕಿನವು. ಆ ಕೊಕ್ಕುಗಳು ಬಂದು ಬಡಿದಾಗ ಈ ಬುಟ್ಟಿಯ ಕೆಳಗೆ ಇದ್ದದ್ದು ನನ್ನ ತಲೆ.

ಹೆಸರು ಹೇಳದ ಆ ಊರು ಶಾರದೆಯ ತವರು. ಅಲ್ಲಿ ಮದುವೆಯಾದ ಮೊದಲ ಬೇಸಿಗೆಗೆ ಹೊಸ ಅಳಿಯನನ್ನು ಕರೆಸುತ್ತಾರೆ. ಅತ್ತೆಯಾದವಳು ಹೊಸ ಬುಟ್ಟಿಯೊಂದನ್ನು ಬೋರಲಾಗಿ ಅವನ ತಲೆಯ ಮೇಲೆ ಇಡುತ್ತಾಳೆ. ಅವನು ಹಾಗೆಯೇ ಹೊಳೆಗಿಳಿದು, ಮೊಣಕಾಲುದ್ದದ ನೀರು ದಾಟಿ, ದಿಬ್ಬ ಹತ್ತಿ, ಹಕ್ಕಿಮರಿಗಳನ್ನು ಹಿಡಿದು, ಅದೇ ಬುಟ್ಟಿಯಲ್ಲಿ ತುಂಬಿ, ಮೇಲೆ ಔಡಲ ಎಲೆ ಮುಚ್ಚಿಕೊಂಡು ತರಬೇಕು. ಹೋಗುವಾಗ ತಲೆಗೆ ಎರಗುವ ತಾಯಿಹಕ್ಕಿಗಳಿಂದ ಕಾಯುವ ಬುಟ್ಟಿಯೇ ಬರುವಾಗ ಅವುಗಳ ಮರಿಗೆ ಸೆರೆಮನೆ. ಮರಿಗಳನ್ನು ಖಾರ ಹಾಕಿ ಬೇಯಿಸಿ ಜೋಳದ ರೊಟ್ಟಿಯ ಜೊತೆ ಬಡಿಸುತ್ತಾರೆ. ಬುಟ್ಟಿಯನ್ನು ತೊಳೆದು ಮಗಳ ಜೊತೆ ಕಳಿಸುತ್ತಾರೆ. ಖಾಲಿ ಬುಟ್ಟಿ ತಂದವನಿಗೆ 'ಬರಿಬುಟ್ಟಿ ಅಳಿಯ' ಎಂಬ ಹೆಸರು ಬೀಳುತ್ತದೆ. ಬಿದ್ದ ಹೆಸರು ಏಳುವುದಿಲ್ಲ. ಆ ಊರಿಗೆ ಕೊಟ್ಟುತಂದ ಬಳಗದಲ್ಲಿ ಒಬ್ಬ ಮುದುಕರಿದ್ದಾರೆ, ಮೊಮ್ಮಕ್ಕಳನ್ನು ಕಂಡವರು. ಅವರನ್ನು ಈಗಲೂ ಬರಿಬುಟ್ಟಿ ಮುತ್ಯಾ ಅನ್ನುತ್ತಾರೆ. ಅವರ ನಿಜವಾದ ಹೆಸರು ನನಗೆ ಗೊತ್ತಿಲ್ಲ. ಕೇಳಿದಾಗ ಶಾರದೆಗೂ ಗೊತ್ತಿರಲಿಲ್ಲ.

ಹಕ್ಕಿಯ ಬಗ್ಗೆ ನಾಲ್ಕು ಮಾತು. ಪುಸ್ತಕಗಳಲ್ಲಿ ಇದನ್ನು ರೀವ ಎಂದು ಕರೆಯುತ್ತಾರೆ. ದಂಡೆಯ ಜನಕ್ಕೆ ಇದು ಬರೀ ಹೊಳೆಹಕ್ಕಿ. ತಲೆಗೆ ಕರಿಯ ಟೊಪ್ಪಿಗೆ, ಅರಿಶಿನ ಬಳಿದಂಥ ಕೊಕ್ಕು, ಕೆಂಪು ಕಾಲು, ಕತ್ತರಿಯ ಹಾಗೆ ಸೀಳಿದ ಬಾಲ. ಇದರ ಬಳಗದ ಬಹುಪಾಲು ಹಕ್ಕಿಗಳು ಕಡಲಿನವು. ಕಡಲನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿರುವ ನಮ್ಮ ಸೀಮೆಯಲ್ಲಿ, ಕಡಲಿನ ವಂಶದ ಈ ಒಂದು ಕವಲು ಹೊಳೆಯನ್ನು ನೆಚ್ಚಿಕೊಂಡು ಉಳಿದಿದೆ. ಬೇಸಿಗೆಯಲ್ಲಿ ನೀರು ಇಳಿದು ಮರಳು ಬೆನ್ನು ತೋರಿಸಿದಾಗ ಇವು ಗುಂಪಾಗಿ ಬಂದು, ಮರಳಿನಲ್ಲಿ ಅಂಗೈಯಗಲದ ತಗ್ಗು ಮಾಡಿ ಮೊಟ್ಟೆಯಿಡುತ್ತವೆ. ಕಡ್ಡಿಯಿಲ್ಲ, ಎಲೆಯಿಲ್ಲ, ನೆರಳಿಲ್ಲ. ಬಿಸಿಲೇರಿದಂತೆ ತಾಯಿಹಕ್ಕಿ ನೀರಿಗಿಳಿದು ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ನಮ್ಮ ಮೇ ತಿಂಗಳ ಬಿಸಿಲನ್ನು ಬಲ್ಲವರಿಗೆ ಇದು ಎಂಥ ಕೆಲಸವೆಂದು ವಿವರಿಸಬೇಕಾಗಿಲ್ಲ; ಅದು ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆಂದು ಎಣಿಸಲು ಒಮ್ಮೆ ಕೂತಿದ್ದೆ, ಮಧ್ಯಾಹ್ನದ ಹೊತ್ತಿಗೆ ಎದ್ದುಬಂದೆ. ಬಿಸಿಲು ತಡೆಯದೆ ಎದ್ದವನು ನಾನು. ಹಕ್ಕಿ ಎದ್ದಿರಲಿಲ್ಲ.

ಮರಿಯ ಬಣ್ಣ ಮರಳಿನದೇ. ಅಪಾಯ ಕಂಡರೆ ಓಡುವುದಿಲ್ಲ. ಕತ್ತು ಚಾಚಿ, ನೆಲಕ್ಕೆ ಗಲ್ಲ ಹಚ್ಚಿ, ಅಲುಗಾಡದೆ ಮಲಗುತ್ತದೆ. ಅಲುಗಾಡದಿದ್ದರೆ ಕಾಣುವುದಿಲ್ಲ ಎಂಬುದೊಂದೇ ಅದು ಹುಟ್ಟುವಾಗ ತಂದ ವಿದ್ಯೆ. ಹದ್ದು, ಕಾಗೆಗಳ ಮುಂದೆ ಆ ವಿದ್ಯೆ ಎಷ್ಟೋ ಸಲ ಗೆದ್ದಿರಬೇಕು. ಇಲ್ಲದಿದ್ದರೆ ವಂಶ ಇಲ್ಲಿಯವರೆಗೆ ಬರುತ್ತಿರಲಿಲ್ಲ. ಬುಟ್ಟಿ ಹೊತ್ತ ಅಳಿಯನ ಮುಂದೆ ನಡೆಯುವುದಿಲ್ಲ.

ನನ್ನ ಮೊದಲ ಬೇಸಿಗೆಯಲ್ಲಿ ನನಗೆ ಒಂಬತ್ತು ಮರಿ ಸಿಕ್ಕವು. ಬುಟ್ಟಿಯ ಮೇಲೆ ಕೊಕ್ಕುಗಳು ಆಲಿಕಲ್ಲಿನ ಹಾಗೆ ಬೀಳುತ್ತಿದ್ದವು. ಮೊದಲನೆಯ ಮರಿಯನ್ನು ಎತ್ತಿದಾಗ ಅದರ ಎದೆ ನನ್ನ ಹೆಬ್ಬೆರಳಿಗೆ ಬಡಿಯುತ್ತಿತ್ತು. ಆಗಲೂ ಅದು ಅಲುಗಾಡಲಿಲ್ಲ, ಎತ್ತಿ ಹಿಡಿದ ಮೇಲೂ ತಾನು ಕಾಣುತ್ತಿಲ್ಲವೆಂದೇ ನಂಬಿತ್ತು. ಅಂದು ನನಗೆ ಕರುಣೆ ಬಂತೆಂದು ಈಗ ಬರೆದರೆ ಅದು ಸುಳ್ಳು. ಬರಲಿಲ್ಲ. ಬಂದದ್ದು ಹೆಮ್ಮೆ. ಅಂಗಳದಲ್ಲಿ ಕಾದಿದ್ದ ಹೆಣ್ಣಿನ ಕಡೆಯವರು ಕೂಗಿದಾಗ ನಾನು ಬುಟ್ಟಿಯನ್ನು ಎತ್ತಿ ತೋರಿಸಿದೆ. ಊಟಕ್ಕೆ ಕೂತಾಗ ಬಾಯಿಗೆ ಸಿಕ್ಕದ್ದು ಮೂಳೆ, ಮೀನಿನ ವಾಸನೆ, ಅದನ್ನು ಮುಚ್ಚಲು ಹಾಕಿದ ಖಾರ. ಒಂಬತ್ತು ಜೀವಗಳನ್ನು ಕೂಡಿಸಿದರೂ ಒಬ್ಬನ ಊಟವಾಗಲಿಲ್ಲ. ಚೆನ್ನಾಗಿದೆ ಎಂದೆ. ಆ ಊರಿನಲ್ಲಿ ಆ ಊಟವನ್ನು ಉಂಡ ಯಾವ ಅಳಿಯನೂ ಬೇರೆ ಮಾತು ಆಡಿಲ್ಲ. ಒಂದು ಪದ್ಧತಿ ಬಾಳುವುದಕ್ಕೆ ಅದನ್ನು ಮೆಚ್ಚುವವರು ಬೇಕಾಗಿಲ್ಲ. ಮೆಚ್ಚಿದೆ ಎಂದು ಹೇಳುವವರಿದ್ದರೆ ಸಾಕು.

ನನ್ನನ್ನು ಎಬ್ಬಿಸಿದವರು ಮಸ್ಕಿಯ ಸುಜಾತಾ ಟೀಚರ್. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಬೌದ್ಧ ಮನೆತನ, ತಂದೆ ಕಚೇರಿಯ ನೌಕರರಾಗಿದ್ದವರು. ಭಾನುವಾರ ಬಂತೆಂದರೆ ದುರ್ಬೀನು ಕೊರಳಿಗೆ ಹಾಕಿಕೊಂಡು ಬಸ್ಸು ಹತ್ತಿ, ಕೆರೆ, ಕಾಲುವೆ, ಹೊಳೆ ಎಂದು ಹಕ್ಕಿ ಎಣಿಸುತ್ತ ಹೋಗುವ ಹೆಣ್ಣುಮಗಳು. ಕಳೆದ ವರ್ಷ ಏಪ್ರಿಲಿನಲ್ಲಿ ಅವರು ನಮ್ಮ ಮನೆ ಹುಡುಕಿಕೊಂಡು ಬಂದರು. ದಿಬ್ಬದ ಮೇಲೆ ಐವತ್ತರ ಹತ್ತಿರ ಗೂಡುಗಳಿವೆ, ಊರಿನವರು ಮರಿ ಹಿಡಿಯುತ್ತಾರಂತೆ, ನೀವು ಪೇಪರಿನವರು, ಬರೆಯಬೇಕು ಎಂದರು. ಶಾರದಾ ಅವರನ್ನು ಅಡುಗೆಮನೆಯಲ್ಲೇ ಕೂರಿಸಿಕೊಂಡು, ಮಂಡಕ್ಕಿ ನೆನೆಸಿ ಮಂಡಾಳು ಒಗ್ಗರಣೆ ಮಾಡತೊಡಗಿದಳು. ಕೈ ಸುಮ್ಮನಿರದ ಟೀಚರ್ ಉಳ್ಳಾಗಡ್ಡಿಯೊಂದನ್ನು ಸುಲಿಯಲು ತೆಗೆದುಕೊಂಡು, ಬುಟ್ಟಿ ಚೆನ್ನಾಗಿದೆ, ಎಲ್ಲಿಯದು ಎಂದು ಕೇಳಿದರು.

"ಅದಾ? ಇವರು ಅಳಿಯತನಕ್ಕ ಹೋದಾಗ ಮರಿ ತುಂಬ್ಕೊಂಡು ಬಂದ ಬುಟ್ಟೀರಿ," ಎಂದಳು ಶಾರದಾ, ಒಲೆಯ ಕಡೆ ಮುಖ ಮಾಡಿಕೊಂಡೇ.

ಟೀಚರ್ ಉಳ್ಳಾಗಡ್ಡಿಯನ್ನು ಬುಟ್ಟಿಗೆ ಮರಳಿ ಇಟ್ಟರು. ನನ್ನ ಕಡೆ ಒಮ್ಮೆ ನೋಡಿ, "ಹಂಗಾದ್ರ ನಿಮಗ ನಾ ಏನೂ ತಿಳಿಸಿ ಹೇಳೂದು ಇಲ್ಲಲ್ರಿ ಸರ್. ಎಲ್ಲಾ ಗೊತ್ತೈತಿ. ಬರೀರಿ," ಎಂದರು.

ಬರೆದೆ. ಸಿಟ್ಟಿನಿಂದ ಬರೆದೆ, ಆದರೆ ಸಿಟ್ಟು ಕಾಣದ ಹಾಗೆ ಬರೆದೆ. ನಮ್ಮ ಕಸುಬಿನಲ್ಲಿ ಹಾಗೆಯೇ ಕಲಿಸುತ್ತಾರೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಆರರಲ್ಲಿ ಒಂದು ತಪ್ಪಿದರೂ ವರದಿ ಕುಂಟು. ಊರಿನ ಹೆಸರು ಬರೆದೆ. ಸಿಂಧನೂರು ಬಸ್ ನಿಲ್ದಾಣದಿಂದ ಎಷ್ಟು ದೂರ, ಎಲ್ಲಿ ಟಾರು ರಸ್ತೆ ಬಿಟ್ಟು ಗಾಡಿದಾರಿ ಹಿಡಿಯಬೇಕು ಎಂದು ಬರೆದೆ. ಹೊಳೆ ದಾಟುವ ಜಾಗದಲ್ಲಿ ನೀರು ಮೊಣಕಾಲಿಗಷ್ಟೇ ಬರುತ್ತದೆಂದು ಬರೆದೆ. ಮೇ ತಿಂಗಳ ಎರಡನೆಯ ವಾರದಲ್ಲಿ ಮರಿಗಳು ಹಿಡಿಯುವಷ್ಟು ಬೆಳೆದಿರುತ್ತವೆ, ಹಾರುವಷ್ಟು ಬೆಳೆದಿರುವುದಿಲ್ಲ ಎಂದೂ ಬರೆದೆ. ಒಂದಕ್ಷರ ಸುಳ್ಳಿರಲಿಲ್ಲ. ಡೆಸ್ಕಿನಿಂದ ಫೋನ್ ಮಾಡಿ, ಇಷ್ಟು ಅಚ್ಚುಕಟ್ಟಾದ ವರದಿ ತಾಲ್ಲೂಕಿನಿಂದ ಬರುವುದು ಅಪರೂಪ ಎಂದು ಹೊಗಳಿದರು. ಮೇ ತಿಂಗಳ ಒಂದು ಗುರುವಾರ ಅಚ್ಚಾಯಿತು. ದಿಬ್ಬದ ಚಿತ್ರ ದೊಡ್ಡದಾಗಿ ಬಂದಿತ್ತು.

ಭಾನುವಾರ ಬೆಳಗ್ಗೆ ಶಾರದೆಯ ತಮ್ಮ ಈರಣ್ಣ ಊರಿನಿಂದ ಫೋನ್ ಮಾಡಿದ. "ಮಾವಾರ, ಒಂದೀಟು ಈ ಕಡೆ ಬರ್ತೀರೇನು? ನಿಮ್ಮ ಪೇಪರ್ ಓದಾವ್ರು ಬಂದಾರ."

ನಾನು ತಲುಪುವ ಹೊತ್ತಿಗೆ ಹತ್ತು ಗಂಟೆಯಾಗಿತ್ತು. ಹೊಳೆ ದಾಟುವ ಜಾಗದಲ್ಲಿ ಬೈಕುಗಳು ಸಂತೆಯ ದಿನದ ಹಾಗೆ ನಿಂತಿದ್ದವು. ಸಿಂಧನೂರಿನವರು, ಮಸ್ಕಿಯವರು, ಲಿಂಗಸುಗೂರಿನವರು. ಬುಟ್ಟಿಗಳಿರಲಿಲ್ಲ, ಸಿಮೆಂಟಿನ ಚೀಲ, ಹೆಲ್ಮೆಟ್ಟು. ಒಬ್ಬ ತರುಣ ಬೈಕಿನ ಹ್ಯಾಂಡಲ್ಲಿಗೆ ಕಟ್ಟಿದ ಚೀಲವನ್ನು ಬಿಗಿಮಾಡುತ್ತಿದ್ದ. ಚೀಲ ಅಲುಗಾಡುತ್ತಿರಲಿಲ್ಲ. ಏಕೆ ಅಲುಗಾಡುತ್ತಿಲ್ಲವೆಂದು ನನಗೆ ಗೊತ್ತಿತ್ತು.

"ಎಷ್ಟು ಸಿಕ್ಕವಪಾ?" ಎಂದೆ.

"ಹನ್ನೆರಡು ಸಿಕ್ಕವ್ರಿ ಕಾಕಾ. ಲೇಟಾತು ನಮಗ. ಮುಂಜಾನಿ ಬಂದಾವ್ರು ತುಂಬ್ಕೊಂಡು ಹೋಗ್ಯಾರ."

"ನಿಮ್ಮೂರಾಗೂ ಈ ಪದ್ಧತಿ ಐತೇನು?"

"ಪದ್ಧತಿ ಎಲ್ಲೀದ್ರಿ! ಪೇಪರ್ನಾಗ ಬಂದಿತ್ತಲ್ರಿ, ನೀವು ನೋಡಿಲ್ಲೇನು?" ಎಂದು ಫೋನ್ ತೆಗೆದು ತೋರಿಸಿದ. "ಬಾಳ ಚೊಲೋ ಬರದಾರ ನೋಡ್ರಿ. ಎಲ್ಲಿ ತಿರಗಬೇಕು, ಎಲ್ಲಿ ನೀರು ಕಮ್ಮಿ ಐತಿ, ಎಲ್ಲಾ ಹೇಳ್ಯಾರ. ಯಾರನ್ನೂ ಕೇಳೂ ಕೆಲಸಿಲ್ಲ."

ವರದಿಯ ತಲೆಯ ಮೇಲೆ ನನ್ನ ಹೆಸರಿತ್ತು. ಅದು ನಾನೇ ಎಂದು ಅವನಿಗೆ ಹೇಳಲಿಲ್ಲ. ಇದೂ ದಾಖಲಾಗಲಿ.

ದಿಬ್ಬದ ಮೇಲೆ ಹಕ್ಕಿಗಳು ಇನ್ನೂ ಸುತ್ತುತ್ತಿದ್ದವು. ಹೊಟ್ಟೆ ನೆನೆಸಿಕೊಂಡು ಬಂದ ಒಂದು ಹಕ್ಕಿ, ಖಾಲಿ ತಗ್ಗಿನ ಮೇಲೆ ಕೂತು, ಎದ್ದು, ಮತ್ತೆ ಕೂತಿತು. ಈರಣ್ಣ ನನ್ನ ಪಕ್ಕಕ್ಕೆ ಬಂದು ನಿಂತ. ಅವನು ಜೋರು ಮಾತಿನವನಲ್ಲ.

"ನಾವು ವರ್ಷಕ್ಕ ಒಂದೋ ಎರಡೋ ಬುಟ್ಟಿ ತರ್ತಿದ್ವಿ ಮಾವಾರ. ನೀವು ಒಂದ ಕಾಗದ ಬರದು ದಿಬ್ಬಾನ ಬಳದ್ರಿ. ನಮ್ಮನ್ನ ಪಾಪಿಗಳು ಅಂತ ಬರದ್ರಿ, ಬರೀರಿ. ನಿಮ್ಮ ಮನ್ಯಾಗಿನ ಬುಟ್ಟಿ ಬರೀಲಿಲ್ಲ. ಹೊಳಿಯಾಗ ಹಗಲಿ ರಾತ್ರಿ ಉಸುಕು ತುಂಬೂ ಟ್ರ್ಯಾಕ್ಟರು ಬರೀಲಿಲ್ಲ. ಅತ್ತಿ ಕೈಯಾಗಿನ ಬುಟ್ಟಿ ಬರದ್ರಿ."

ಅವನ ಮೂರು ಮಾತುಗಳಲ್ಲಿ ಮೂರೂ ಸರಿಯಿದ್ದವು; ಮರಿ ಹಿಡಿಯುವುದು ಸರಿ ಎಂಬ ನಾಲ್ಕನೆಯ ಮಾತನ್ನು ಅವನು ಆಡಲಿಲ್ಲ, ಆಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅಂದಿನಿಂದ ನನ್ನ ಸಿಟ್ಟಿಗೆ ಎರಡು ಬಾಯಿ. ಒಂದು ಆ ಚೀಲಗಳ ಮೇಲೆ ತೆರೆಯುತ್ತದೆ. ಪದ್ಧತಿಯೆಂಬ ನೆಪವೂ ಬೇಡದ, ಹಸಿವೂ ಇಲ್ಲದ, ಭಾನುವಾರಕ್ಕೊಂದು ಗಮ್ಮತ್ತು ಬೇಕಾದ ಚೀಲಗಳು ಅವು. ಒಬ್ಬ ಬಡವ ಹೊಳೆಯಿಂದ ತಿಂದರೆ ಹೊಳೆಗೂ ಅವನಿಗೂ ಒಂದು ಸಂಬಂಧ ಇರುತ್ತದೆ. ಮುಂದಿನ ವರ್ಷವೂ ಅವನಿಗೆ ಹೊಳೆ ಬೇಕು. ಬೈಕಿನವನಿಗೆ ಮುಂದಿನ ಭಾನುವಾರ ಇನ್ನೊಂದು ಜಾಗ ಇದೆ. ಇನ್ನೊಂದು ಬಾಯಿ ನನ್ನ ಮೇಲೆ ತೆರೆಯುತ್ತದೆ. ಸತ್ಯವನ್ನು ಪೂರ್ತಿ ಹೇಳಿದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆಯಲ್ಲಿ ಮೂವತ್ತು ವರ್ಷ ಅನ್ನ ತಿಂದವನು ನಾನು. ಆ ಮರಿ ನಂಬಿತ್ತಲ್ಲ, ಅಲುಗಾಡದಿದ್ದರೆ ಸಾಕು ಎಂದು, ಹಾಗೆ.

ಈ ವರ್ಷ ಹಕ್ಕಿಗಳು ಬರುತ್ತವೋ ಇಲ್ಲವೋ ಎಂದು ಮಾರ್ಚ್ ಮುಗಿಯುವವರೆಗೆ ಟೀಚರಿಗೂ ನನಗೂ ನೆಮ್ಮದಿಯಿರಲಿಲ್ಲ. ಬಂದವು. ಟೀಚರ್ ಎಣಿಸಿದರು. ಗೂಡು ಹನ್ನೊಂದು. ಅದೇ ವಾರ ಈರಣ್ಣನ ಮನೆಯಿಂದ ಕರೆ ಬಂತು. ಅವನ ಮಗಳು ಗಂಗಾಳಿಗೆ ಚಳಿಗಾಲದಲ್ಲಿ ಮದುವೆಯಾಗಿತ್ತು. ಅಳಿಯ ಮಂಜುನಾಥ ಲಿಂಗಸುಗೂರಿನವನು, ಕರೆಂಟಿನ ಲೈನ್‌ಮನ್. ಮೇ ತಿಂಗಳ ಮೊದಲ ಸೋಮವಾರ ಬುಟ್ಟಿ ಇಡುವುದೆಂದು ಗೊತ್ತಾಗಿತ್ತು. ಹನ್ನೊಂದು ಗೂಡುಗಳಿಗೆ ಒಂದು ಬುಟ್ಟಿ ಸಾಕು.

ಮತ್ತೊಂದು ವರದಿ ಬರೆದೆ, ಊರಿನ ಹೆಸರಿಲ್ಲದೆ. ಸ್ಥಳ ಇಲ್ಲದ್ದು ಸುದ್ದಿಯಲ್ಲ ಎಂದು ಡೆಸ್ಕಿನಿಂದ ಮರಳಿ ಬಂತು. ನಾನೇ ಎಷ್ಟೋ ಹೊಸಬರಿಗೆ ಹೇಳಿಕೊಟ್ಟ ಮಾತು ಅದು. ಹೀಗೆ ವರದಿಯ ಬಾಗಿಲು ಮುಚ್ಚಿದ್ದರಿಂದಲೇ ನಾನು ನಿಮ್ಮ ಹತ್ತಿರ ಈ ರೀತಿಯಲ್ಲಿ ಬಂದು ಕೂತದ್ದು.

ಟೀಚರ್ ಬರೆಯುವ ಮಾತನ್ನೇ ಬಿಟ್ಟಿದ್ದರು. "ಸರ್, ಅಳಿಯಾರಿಗೆ ಹೇಳಿ ಉಪಯೋಗಿಲ್ಲ, ಗಂಡಸರಿಗೆ ಹೇಳಿ ಉಪಯೋಗಿಲ್ಲ. ಬುಟ್ಟಿ ತಲಿ ಮ್ಯಾಲೆ ಇಡಾವ್ರು ಯಾರು? ಅತ್ತಿ. ಅವರಿಗೆ ಕೇಳೂನು," ಎಂದರು. ಏಪ್ರಿಲಿನ ಮೂರು ಭಾನುವಾರ ಅವರು ಮಸ್ಕಿಯಿಂದ ಬಸ್ಸು ಹತ್ತಿ ಬಂದು, ಆ ಊರಿನ ಕಟ್ಟೆಯ ಮೇಲೆ ಹೆಣ್ಣುಮಕ್ಕಳ ನಡುವೆ ಕೂತರು. ಮೊದಲ ಭಾನುವಾರ ನನ್ನ ಬುಟ್ಟಿಯಿಂದ ಉಳ್ಳಾಗಡ್ಡಿ ಸುರುವಿಸಿ ಅದನ್ನು ನನ್ನ ಕೈಯಲ್ಲೇ ಹೊರಿಸಿಕೊಂಡು ಹೋಗಿದ್ದರು. ಅದನ್ನು ಹಿಡಿದು ಎಲ್ಲರ ಮುಂದೆ ನಿಂತು, ನಾನು ಒಂಬತ್ತು ಮರಿ ತಂದೆ, ಊಟ ರುಚಿ ಇರಲಿಲ್ಲ, ರುಚಿ ಇದೆ ಎಂದು ಸುಳ್ಳು ಹೇಳಿದೆ ಎಂದು ಹೇಳಬೇಕಾಯಿತು. ಹೇಳಿದೆ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನನ್ನ ಅತ್ತೆ ನೀಲಮ್ಮ ನಗಲಿಲ್ಲ. ಅಂದಿನ ಅಡುಗೆ ಅವರದು.

ಟೀಚರ್ ಪಾಪದ ಮಾತಾಡಲಿಲ್ಲ, ಕಾನೂನಿನ ಮಾತನ್ನು ಒಮ್ಮೆ ಆಡಿ ಬಿಟ್ಟರು. ಮರಿಯ ಮಾತಾಡಿದರು. "ಕೋಳಿಮರಿ ಹಿಡಿಯಾಕ ಹೋದ್ರ ಅಂಗಳ ತುಂಬ ಓಡಿಸ್ತದ ಹೌದಿಲ್ರಿ? ಇದು ಓಡೂದ ಇಲ್ಲ. ಬಿದ್ದಲ್ಲೇ ಬಿದ್ದಿರ್ತದ. ನಿಮ್ಮ ಅಳಿಯಾರು ಹಿಡಿಯಾಂಗಿಲ್ಲ, ಆರಿಸ್ಕೊಂಡು ಬರ್ತಾರ. ಹೊಲದಾಗ ಶೇಂಗಾ ಆರಿಸ್ದಂಗ."

ಹಿಂದಿನಿಂದ ಯಾರೋ ಅಂದರು: "ಅಯ್ಯ ಶಿವನ, ಶೇಂಗಾ ಆರ್ಸೂದು ನಾವು ಮಾಡಿದ್ರ ಕೂಲಿ, ಅಳಿಯಾ ಮಾಡಿದ್ರ ಗಂಡಸ್ತನ!"

ಆ ನಗೆ ಮೂರು ಭಾನುವಾರ ಊರಿನಲ್ಲಿ ಓಡಾಡಿತು. ಆದರೂ ಗಂಗಾಳ ತಾಯಿ ಬಸಮ್ಮ ಟೀಚರನ್ನು ಬೇರೆ ಕರೆದು ಹೇಳಿದ್ದು ಇಷ್ಟು: "ನೀವು ಹೇಳೂದು ಖರೇ ಐತಿ ತಂಗಿ. ಆದ್ರ ನನ್ನ ಮಗಳು ಹುಟ್ಟಿದ ಮನಿಗೆ ಬಂದಾಗೆಲ್ಲ 'ಬರಿಬುಟ್ಟಿ ಹೆಣ್ತಿ ಬಂದ್ಲು' ಅಂದ್ರ ನಾ ಎಲ್ಲಿ ಮಾರಿ ಇಡ್ಲಿ?"

ಟೀಚರ್ ಸಂಜೆಯ ಬಸ್ಸಿಗೆ ಮಸ್ಕಿಗೆ ಮರಳಿದರು.

ಸೋಮವಾರ ಬೆಳಗ್ಗೆ ಈರಣ್ಣನ ಅಂಗಳದಲ್ಲಿ ಬೀಗರು, ನೆರೆಯವರು ಸೇರಿದ್ದರು. ಮಂಜುನಾಥ ಹೊಸ ಪಂಚೆಯಲ್ಲಿ ಮಣೆಯ ಮೇಲೆ ಕೂತಿದ್ದ. ಅವನ ಕಣ್ಣು ಹೆಂಡತಿಯ ಕಡೆ, ಗಂಗಾಳ ಕಣ್ಣು ನೆಲದ ಕಡೆ. ಬಸಮ್ಮ ಹೊಸ ಬುಟ್ಟಿ ಹಿಡಿದು ನಿಂತಳು, ಇಡಲಿಲ್ಲ. ಆಗ ಗೋಡೆಗೆ ಒರಗಿ ಕೂತಿದ್ದ ನೀಲಮ್ಮ ಬಾಯಿ ತೆರೆದರು. ಅವರಿಗೆ ಈಗ ಕಿವಿ ಮಂದ; ತಾವು ಎಷ್ಟು ಜೋರಾಗಿ ಮಾತಾಡುತ್ತಿದ್ದೇವೆಂದು ಅವರಿಗೆ ತಿಳಿಯುವುದಿಲ್ಲ.

"ಇದು ಯಾವ ದೇವ್ರು ಹೇಳಿದ್ದೂ ಅಲ್ಲ. ನಮ್ಮತ್ತಿ ಹೇಳ್ತಿದ್ಲು. ಒಂದ ಮನಿಗೆ ಅಳಿಯಾ ಬಂದ, ಮನ್ಯಾಗ ಕೊಯ್ಯಾಕ ಕೋಳಿ ಇರಲಿಲ್ಲ. ಬಡತನ. ಮಾನ ಮುಚ್ಚಿಕೊಳ್ಳಾಕ, ಹೊಳಿ ನೋಡ್ಕೊಂಡು ಬರ್ರಿ ಅಂತ ಅಳಿಯಾನ್ನ ಕಳಿಸಿ, ಅವ ತಂದ ಮರಿನ ಅವಂಗ ಅಟ್ಟಿ ಹಾಕಿದ್ರು. ಕೋಳಿ ಇಲ್ಲದಾವ್ರ ಉಪಾಯ ಅದು."

"ಯವ್ವಾ, ಈಗ್ಯಾಕ ಅದನ್ನ ಹೇಳ್ತಿ? ಬೀಗರು ಕುಂತಾರ," ಎಂದ ಈರಣ್ಣ.

"ಕುಂತಿದ್ರ ಕೇಳ್ಲಿ. ಹಿತ್ತಲದಾಗ ಆರು ಕೋಳಿ ಅದಾವು ನಿನ್ನ ಮನ್ಯಾಗ."

ಪತ್ರಕರ್ತನಾಗಿ ನಾನು ಕೇಳಬೇಕಾಗಿದ್ದ ಪ್ರಶ್ನೆ ಇದು: ಇದು ಶುರುವಾದದ್ದು ಹೇಗೆ? ಮೂವತ್ತು ವರ್ಷ ಆ ಮನೆಯ ಅಳಿಯನಾಗಿ ಓಡಾಡಿದೆ, ವರದಿಯನ್ನೂ ಬರೆದೆ, 'ತಲತಲಾಂತರದಿಂದ ಬಂದ ಸಂಪ್ರದಾಯ' ಎಂದು ಒಂದು ಸಿದ್ಧ ಮಾತು ಹಾಕಿ ಮುಂದೆ ಹೋದೆ. ಉತ್ತರ ಬಲ್ಲ ಮುದುಕಿ ಅದೇ ಗೋಡೆಗೆ ಒರಗಿ ಕೂತಿದ್ದರು. ಒಂದು ಮನೆಯ ಒಂದು ದಿನದ ನಾಚಿಕೆ, ಮುಚ್ಚಿಡಲು ಹೂಡಿದ ಒಂದು ಉಪಾಯ, ಕೇಳುವವರಿಲ್ಲದೆ ಬೆಳೆದು ಊರಿನ ಹೆಮ್ಮೆಯಾಗಿತ್ತು. ಪ್ರತಿ ಓಣಿಗೊಂದು ಕೋಳಿ ಅಂಗಡಿ ಬಂದ ಮೇಲೂ 'ಸಂಪ್ರದಾಯ' ಎಂಬ ದೊಡ್ಡ ಮಾತಿನ ಔಡಲ ಎಲೆ ಮುಚ್ಚಿಕೊಂಡು ಹೊಳೆಗೆ ಹೋಗಿ ಬರುತ್ತಿತ್ತು. ನನಗೆ ಆ ಮಾತಿನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅಂಗಳದಲ್ಲಿ ಬಸಮ್ಮ ಎರಡು ಹೆಜ್ಜೆ ಮುಂದೆ ಬಂದು ಬುಟ್ಟಿಯನ್ನು ಅಳಿಯನ ತಲೆಯ ಮೇಲೆ ಬೋರಲಾಗಿ ಇಟ್ಟಳು. ಟೀಚರ್ ಕಣ್ಣು ಮುಚ್ಚಿಕೊಂಡರು. ಬಸಮ್ಮ ಹೇಳಿದಳು: "ಖಾಲಿ ತರಬ್ಯಾಡ್ರಿ. ಏನು ತುಂಬ್ಕೊಂಡು ಬರ್ತೀರಿ ಅದು ನಿಮಗ ಬಿಟ್ಟದ್ದು."

ಅವನು ಹೋದ. ಜೊತೆಗೆ ಯಾರೂ ಹೋಗುವ ಹಾಗಿಲ್ಲ, ಅದೂ ಪದ್ಧತಿ. ಮಾವಿನ ತೋರಣದ ಕೆಳಗೆ ಕೂತು ನಾವು ಕಾದೆವು. ಹೊಳೆಯ ಕಡೆಯಿಂದ ಹಕ್ಕಿಗಳ ಕೂಗು ಒಮ್ಮೆ ಎದ್ದಿತು, ನಿಂತಿತು. ಟೀಚರ್ ನನ್ನ ಕಡೆ ನೋಡಿದರು. ನಾನು ಕಂಬದ ಕಡೆ ನೋಡಿದೆ. ಮುಕ್ಕಾಲು ಗಂಟೆಯ ಮೇಲೆ ಅವನು ಓಣಿಯ ತಿರುವಿನಲ್ಲಿ ಕಂಡ. ಬುಟ್ಟಿ ಭುಜದ ಮೇಲಿತ್ತು, ಭಾರವಾಗಿತ್ತು, ಮೇಲೆ ಔಡಲ ಎಲೆ ಮುಚ್ಚಿತ್ತು. ಗಂಡಸರು ಕೇಕೆ ಹಾಕಿದರು. ಈರಣ್ಣನ ಮುಖ ಅರಳಿತು. ಮಂಜುನಾಥ ಅಂಗಳದ ನಡುವೆ ಬಂದು ಬುಟ್ಟಿಯನ್ನು ಬೋರಲು ಹಾಕಿದ.

ಬಾಟಲಿಗಳು. ಬಿಯರಿನವು, ಅರ್ಧ ಒಡೆದವು, ಮಣ್ಣು ತುಂಬಿದವು. ಚಿಪ್ಸಿನ ಚೀಟಿಗಳು, ಪ್ಲಾಸ್ಟಿಕ್ ಲೋಟಗಳು, ಒಂದು ಹರಿದ ಸಿಮೆಂಟು ಚೀಲ. ಹೋದ ವರ್ಷ ನನ್ನ ಓದುಗರು ದಂಡೆಯಲ್ಲಿ ಬಿಟ್ಟುಹೋದದ್ದು.

"ದಿಬ್ಬಕ್ಕ ಹೋಗಿಲ್ರಿ ಅತ್ತಿ. ಈಚಿ ದಂಡಿಯಾಗ ಬುಟ್ಟಿ ತುಂಬಿತು," ಎಂದ. ಅವನ ಅಂಗೈ ಕುಯ್ದು ರಕ್ತ ಬರುತ್ತಿತ್ತು.

ಕೇಕೆ ಹಾಕಿದವರಲ್ಲೇ ಒಬ್ಬ ಮೊದಲು ಬಾಯಿ ಬಿಟ್ಟ. "ಏ, ಬಾಟ್ಲಿ ಅಳಿಯಾ ಬಂದಾನಲೇ!" ಅಂಗಳ ನಕ್ಕಿತು. ಈರಣ್ಣ ನಗಲಿಲ್ಲ, ಬಾಟಲಿಗಳನ್ನು ನೋಡಿದ, ನನ್ನನ್ನು ನೋಡಿದ, ಒಳಗೆ ಹೋದ. ಗಂಗಾ ಅರಿಶಿನ ತಂದು ಗಂಡನ ಕೈಗೆ ಒತ್ತಿದಳು. ನೀಲಮ್ಮ, ಏನು ತಂದನೆಂದು ಎರಡು ಸಲ ಕೇಳಿ ತಿಳಿದುಕೊಂಡು, "ಬುಟ್ಟಿ ತುಂಬಿತಿಲ್ಲ, ಆತು. ಬಸಮ್ಮ, ಕೋಳಿ ಹಿಡಿ," ಎಂದರು. ಕೋಳಿ ಅಂಗಳ ತುಂಬ ಓಡಿಸಿತು.

ಆಮೇಲಿನ ಸಂಗತಿಗಳು ಇಷ್ಟು. ಈರಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮಂಜುನಾಥನನ್ನು ಊರು ಬಾಟ್ಲಿ ಅಳಿಯ ಎಂದು ಕರೆಯುತ್ತದೆ. ಆ ಹೆಸರೂ ಇನ್ನು ಏಳುವುದಿಲ್ಲ. ಮರಳು ಒಯ್ಯುವ ಟ್ರ್ಯಾಕ್ಟರುಗಳ ಬಗ್ಗೆ ಟೀಚರ್ ಮತ್ತು ನಾನು ಅರ್ಜಿ ಕೊಟ್ಟಿದ್ದೇವೆ. ಅದಕ್ಕೆ ಸ್ಥಳದ ಹೆಸರು ಬರೆಯಲೇಬೇಕಾಗಿತ್ತು, ಬರೆದೆವು. ಗಂಗಾ ಹೊಸ ಬುಟ್ಟಿಯನ್ನು ತೊಳೆದು ಲಿಂಗಸುಗೂರಿಗೆ ಒಯ್ದಿದ್ದಾಳೆ. ಅಲ್ಲಿಂದ ಫೋನ್ ಮಾಡಿ, ಅತ್ತಿ, ನಿಮ್ಮ ಬುಟ್ಟಿಯಾಗ ಏನು ಇಡ್ತೀರಿ ಎಂದು ಶಾರದೆಯನ್ನು ಕೇಳಿದಳಂತೆ. ನಮ್ಮ ಬುಟ್ಟಿ ಒಲೆಯ ಎಡಮೂಲೆಗೆ ಮರಳಿದೆ. ಉಳ್ಳಾಗಡ್ಡಿ ತೆಗೆಯುವಾಗಲೆಲ್ಲ ನಾನು ಅದರ ತಳವನ್ನು ಮುಟ್ಟಿ ನೋಡುತ್ತೇನೆ. ಯಾವ ಕಚ್ಚು ಇಲಿಯದು, ಯಾವುದು ಕೊಕ್ಕಿನದು ಎಂದು ಹೇಳಲು ಬರುವುದಿಲ್ಲ.

ಇಂದು ಮೇ ತಿಂಗಳ ಕೊನೆಯ ಭಾನುವಾರ. ಬೆಳಗ್ಗೆ ಏಳಕ್ಕೆ ಟೀಚರ್ ಮತ್ತು ನಾನು ಈಚೆ ದಂಡೆಯಿಂದ ದುರ್ಬೀನಿನಲ್ಲಿ ನೋಡಿದೆವು. ದಿಬ್ಬದ ಮೇಲೆ ಹದಿನಾಲ್ಕು ಮರಿಗಳಿದ್ದವು. ಮೂರು ಮರಿಗಳು ನಡೆದು ನೀರಿನ ಅಂಚಿಗೆ ಬಂದಿದ್ದವು. ಹೊಳೆ ದಾಟುವ ಜಾಗದ ಹಸಿ ಮಣ್ಣಿನಲ್ಲಿ ಬೈಕಿನ ಗಾಲಿಯ ಎರಡು ಹೊಸ ಗುರುತುಗಳಿದ್ದವು. ನೀರಿನವರೆಗೆ ಬಂದು ತಿರುಗಿ ಹೋಗಿದ್ದವು.